ಬಿಜಾಗರಿ ಮೀಮಾಂಸೆ ಅಥವಾ ಕಾರ್ಡಿನಲ್ ಪದನಿಷ್ಪತ್ತಿ

ಪೋಪರನ್ನು ಆರಿಸುವ ಕೆಂಪು ನಿಲುವಂಗಿಯ ಹಿರಿಯರಿಗೆ ಕಾರ್ಡಿನಲ್ ಎಂಬ ಹೆಸರು ಹೇಗೆ ಬಂತೆಂಬುದರಲ್ಲಿ ಎರಡು ಪಕ್ಷಗಳಿವೆ. ಎರಡನೆಯದನ್ನು ಎತ್ತಿದವನು ಪ್ರಸ್ತುತ ಲೇಖಕನಾದ್ದರಿಂದ ಮೊದಲನೆಯದನ್ನು ಬೇಗ ಮುಗಿಸುವುದು ಶಾಸ್ತ್ರಸಮ್ಮತ.

ಪೂರ್ವಪಕ್ಷ: ‘ಕಾರ್ಡಿನಲ್ಲಿ’ ಎಂಬ ಸಪ್ತಮೀ ವಿಭಕ್ತಿ ರೂಪದ ಕೊನೆಯ ‘ಲಿ’ ಲೋಪವಾಗಿ ‘ಕಾರ್ಡಿನಲ್’ ಆಯಿತು, ಯಾರ ಹೆಸರು ಕಾರ್ಡಿನಲ್ಲಿದೆಯೋ ಅವರೇ ಕಾರ್ಡಿನಲ್. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ಬಂದವರಿಗೆ ಈ ವ್ಯುತ್ಪತ್ತಿ ಎದೆಗೆ ನಾಟುತ್ತದೆ. ಕೇಶಿರಾಜನಿಗೆ ನಾಟುತ್ತಿರಲಿಲ್ಲ. ರೋಮಿನಲ್ಲಿ ಈ ಪದ ಚಾಲ್ತಿಗೆ ಬಂದಾಗ ಕಾರ್ಡೂ ಇರಲಿಲ್ಲ, ಸೀಮೆಎಣ್ಣೆಯೂ ಇರಲಿಲ್ಲ.

ಸಿದ್ಧಾಂತ: ಲ್ಯಾಟಿನ್ನಿನಲ್ಲಿ ‘ಕಾರ್ದೋ’ ಎಂದರೆ ಬಾಗಿಲಿನ ಕೀಲು, ಅದರಿಂದ ‘ಕಾರ್ದಿನಾಲಿಸ್’. ಬಾಗಿಲು ಹಿಂದೆ ಮುಂದೆ ಆಡುತ್ತದೆ, ಕೀಲು ಮಾತ್ರ ಕದಲುವುದಿಲ್ಲ ಎಂದು 11ನೆಯ ಶತಮಾನದ ಪೋಪ್ ಒಂಬತ್ತನೆಯ ಲಿಯೋ ಇದಕ್ಕೆ ಅರ್ಥ ಹೇಳಿದ್ದಾರೆ.

ಇಲ್ಲಿಂದ ಮುಂದಿನದು ಲೇಖಕನ ಸ್ವಂತ ಸಂಶೋಧನೆ. ಪೋಪರ ಆಯ್ಕೆಯ ಸಭೆಗೆ ಹೆಸರು ಕಾನ್‌ಕ್ಲೇವ್, ಅಂದರೆ ಬೀಗದ ಕೈ ಸಮೇತ. ಆ ‘ಕ್ಲಾವಿಸ್’ ಪೋರ್ಚುಗೀಸರ ಬಾಯಿ ಹೊಕ್ಕು ನಮ್ಮಲ್ಲಿಗೆ ‘ಚಾವಿ’ಯಾಗಿ ಬಂತು. ಅವರದೇ ‘ಬಿಸಾಗ್ರ’ ನಮ್ಮ ಬಡಗಿಗಳ ಬಿಜಾಗರಿಯಾಯಿತು. ಪಾದ್ರಿಯೂ ಅದೇ ಹಡಗಿನವನು. ಧರ್ಮ ಇಳಿದ ಬಂದರಿನಲ್ಲೇ ಕಬ್ಬಿಣದ ಸಾಮಾನಿನ ಅಂಗಡಿಯೂ ಇಳಿದದ್ದು ಕಾಕತಾಳೀಯ ಎನ್ನುವವರು, ಏಸು ಯಾವ ಕಸುಬಿನವರ ಮನೆಯಲ್ಲಿ ಬೆಳೆದರೆಂದು ಒಮ್ಮೆ ನೆನೆಯಲಿ.

ಪ್ರತ್ಯಕ್ಷ ಪ್ರಮಾಣಕ್ಕೆ ಇಟಲಿಯ ವಿಟೆರ್ಬೊ ಊರಿದೆ. 1268ರಲ್ಲಿ ನಾಲ್ಕನೆಯ ಕ್ಲೆಮೆಂಟ್ ತೀರಿಕೊಂಡ ಮೇಲೆ ಅಲ್ಲಿ ಸೇರಿದ ಕಾರ್ಡಿನಲ್‌ಗಳು 1271ರವರೆಗೂ ಒಮ್ಮತಕ್ಕೆ ಬರಲಿಲ್ಲ. ಊರವರು ಕೂಡಿಹಾಕಿ ಬೀಗ ಜಡಿದರು, ಜಗ್ಗಲಿಲ್ಲ. ಊಟವನ್ನು ರೊಟ್ಟಿ ನೀರಿಗೆ ಇಳಿಸಿದರು. ಕಡೆಗೆ ಚಾವಣಿಯನ್ನೇ ಕಿತ್ತರು. ಕೀಲು ಕದಲುವುದಿಲ್ಲವೆಂಬ ಲಿಯೋ ವಚನಕ್ಕೆ ಬೇರೆ ಭಾಷ್ಯ ಬೇಕಿಲ್ಲ. ಕೊನೆಗೂ ಆರಿಸಿಬಂದ ಹತ್ತನೆಯ ಗ್ರೆಗರಿ 1274ರಲ್ಲಿ ಕಟ್ಟಳೆ ಮಾಡಿದರು: ಮೂರು ದಿನದಲ್ಲಿ ಇತ್ಯರ್ಥವಾಗದಿದ್ದರೆ ಊಟಕ್ಕೆ ಒಂದೇ ಪದಾರ್ಥ, ಮತ್ತೈದು ದಿನ ಕಳೆದರೆ ಬರೀ ರೊಟ್ಟಿ, ನೀರು, ವೈನ್. (ವೈನ್ ಉಳಿದುಕೊಂಡದ್ದು ಯಾವ ಪ್ರಮಾಣದ ಮೇಲೆ ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು.)

ಆಕ್ಷೇಪ: ಕೀಲೆಂದ ಮೇಲೆ ಎಣ್ಣೆ ಬೇಕಲ್ಲ? ಕಾರ್ಡಿನಲ್ ಪದವಿ ಕೊಡುವಾಗ ಕೆಂಪು ಟೋಪಿ, ಉಂಗುರ ಕೊಡುತ್ತಾರೆಯೇ ಹೊರತು ಎಣ್ಣೆ ಹಚ್ಚುವುದಿಲ್ಲ.

ಸಮಾಧಾನ: ಎಣ್ಣೆ ಬಿಷಪ್ ದೀಕ್ಷೆಯಲ್ಲೇ ತಲೆಗೆ ಬಿದ್ದಿರುತ್ತದೆ. ಕಾರ್ಡಿನಲ್ ಆಗುವವರು ಬಿಷಪ್ ದೀಕ್ಷೆ ಪಡೆಯಲೇಬೇಕೆಂದು 1962ರಲ್ಲಿ 23ನೆಯ ಜಾನ್ ನಿಯಮ ಮಾಡಿದ್ದು ಶುದ್ಧ ರಿಪೇರಿ ವಿವೇಕ. ವಯಸ್ಸಾದ ಕೆಲವು ಪಾದ್ರಿಗಳಿಗೆ ವಿನಾಯಿತಿ ಸಿಗುವುದುಂಟು. ಅದೂ ಶಾಸ್ತ್ರಕ್ಕೆ ಸರಿಯೇ: 80 ದಾಟಿದವರಿಗೆ ಪೋಪರ ಆಯ್ಕೆಯಲ್ಲಿ ಮತವಿಲ್ಲ. ಆ ಬಾಗಿಲು ತೆಗೆಯುವುದೇ ಇಲ್ಲವಾದ್ದರಿಂದ ಕಿರುಗುಟ್ಟುವ ಪ್ರಶ್ನೆಯೇ ಏಳುವುದಿಲ್ಲ.