ಚಿಂದಿ ಕಟ್ಟಿದ ಸ್ವಿಚ್ಚು

ಖಾನಾಪುರದಲ್ಲಿ ಕರೆಂಟು ಹೋದರೆ ಯಾರೂ ಮೊದಲು ಫ್ಯೂಸು ನೋಡುವುದಿಲ್ಲ. ಬಾಗಿಲಿಗೆ ಬಂದು ಎದುರು ಮನೆ ನೋಡುತ್ತಾರೆ. ಅಲ್ಲೂ ಕತ್ತಲಿದ್ದರೆ ಏನೋ ಸಮಾಧಾನ. ದೀಪ ಉರಿಯುತ್ತಿದ್ದರೆ ಎದೆ ಧಸಕ್ಕೆನ್ನುತ್ತದೆ.

ಈ ವಿದ್ಯೆಯನ್ನು ನಾನು ಬೆಳಗಾವಿಗೆ ಬಂದ ಮೇಲೆ ಮರೆತಿದ್ದೆ. ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ರಾತ್ರಿ ಹೊತ್ತು ಓಪನ್ ಸೋರ್ಸ್ ಕೆಲಸ ನನ್ನ ಚಟ. ಒಂದು ಸಾಲು ತಿದ್ದಿ ಕಳಿಸಿದರೂ ಸಾಕು, ಸಿಐ ಎಂಬ ಯಂತ್ರ ಅದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಎಂದು ಎಲ್ಲ ಕಡೆ ಓಡಿಸಿ, ಟೆಸ್ಟು ಮಾಡಿ, ಪಾಸಾದರೆ ಹಸಿರನ್ನು, ಫೇಲಾದರೆ ಕೆಂಪನ್ನು ತೋರಿಸುತ್ತದೆ. ಮೊನ್ನೆ ನಾನು ತಿದ್ದಿದ್ದು ಒಂದು ಕಾಗುಣಿತ. ಬಂದದ್ದು ಕೆಂಪು! ಆ ಒಂದೇ ಅಕ್ಷರವನ್ನು ಒಂದು ತಾಸು ದಿಟ್ಟಿಸಿದೆ. ಆಮೇಲೆ ಎದುರು ಮನೆ ನೆನಪಾಯಿತು. ನೋಡಿದರೆ ಎಲ್ಲರದೂ ಕೆಂಪೇ.

ಪೈಟಾರ್ಚ್‌ನಂಥ ದೊಡ್ಡ ಓಪನ್ ಸೋರ್ಸ್ ಸಂಸಾರದಲ್ಲಿ ಇದಕ್ಕೊಂದು ರೀತಿ ಇದೆ. ಯಂತ್ರವೇ ಕೆಟ್ಟರೆ ‘ಸಿಐ ಸೆವ್’ ಎಂಬ ಚೀಟಿ ಹಚ್ಚಿ ಊರಿಗೆಲ್ಲ ಡಂಗುರ ಸಾರುತ್ತಾರೆ. ಒಂದು ಟೆಸ್ಟು ಕಾಟ ಕೊಟ್ಟರೆ, ‘ಡಿಸೇಬಲ್ಡ್’ ಎಂದು ಶುರುವಾಗುವ ಹೆಸರಿನ ಇಶ್ಯೂ, ಅಂದರೆ ದೂರು, ತೆರೆಯುತ್ತಾರೆ. ಅದು ತೆರೆದಿರುವ ತನಕ ಟೆಸ್ಟಿಗೆ ರಜೆ. ‘ಅನ್‌ಸ್ಟೇಬಲ್’ ಎಂದು ಗುರುತಾದದ್ದು ಕೆಂಪಾದರೂ ಯಾರ ಕೆಲಸವೂ ನಿಲ್ಲದು; ಅದು ಮದುವೆ ಮನೆಯ ಸಿಟ್ಟಿನ ಅಜ್ಜ: ಅವನ ಕೂಗಾಟವೂ ನಡೆದಿರುತ್ತದೆ, ಅಕ್ಷತೆಯೂ ಬೀಳುತ್ತಿರುತ್ತದೆ.

ನಮ್ಮ ಖಾನಾಪುರದ ಮನೆಯಲ್ಲೂ ಒಂದು ‘ಡಿಸೇಬಲ್ಡ್’ ಇದೆ. ಹಿತ್ತಲ ದೀಪದ ಸ್ವಿಚ್ಚು. ಅದಕ್ಕೆ ಕೆಂಪು ಚಿಂದಿ ಸುತ್ತಿ ಗಂಟು ಹಾಕಿದ್ದಾರೆ. ಊರಿಗೆ ಹೋದಾಗ ಅದರತ್ತ ಕೈ ಚಾಚಿದೆ.

“ಮುಟ್ಟಬ್ಯಾಡೊ, ಶಾಕ್ ಹೊಡೀತದ,” ಎಂದಳು ಅವ್ವ.

“ಯಾರು ಕಟ್ಟಿದ್ದು?”

“ನಿಮ್ಮಪ್ಪ.”

“ನಾ ಎಲ್ಲಿ? ನಿಮ್ಮ ಕಾಕಾ ಕಟ್ಟಿದ್ದ,” ಎಂದರು ಅಪ್ಪ.

ಆ ಸ್ವಿಚ್ಚಿನ ಗುಣ ಇಷ್ಟು: ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಮಳೆ ಇಳಿದು ಗೋಡೆ ನೆನೆದರೆ ಮಾತ್ರ ಶಾಕು. ವೈರ್‌ಮನ್ ಬರುವುದು ಬೇಸಿಗೆಯಲ್ಲಿ. ಟೆಸ್ಟರ್ ಹಿಡಿದು, “ಎಲ್ಲಾ ಬರೋಬ್ಬರಿ ಐತ್ರಿ,” ಎಂದು ಚಹಾ ಕುಡಿದು ಹೋಗುತ್ತಾನೆ. ಒಮ್ಮೆ ಪಾಸು, ಒಮ್ಮೆ ಫೇಲಾಗುವ ಟೆಸ್ಟುಗಳ ಸಂಕಟವೂ ಇದೇ; ಪರೀಕ್ಷಿಸಲು ಕೂತಾಗ ಅವು ಮಹಾ ಸಂಭಾವಿತರು. ವರ್ಷಗಳಿಂದ ನಾವು ಬ್ಯಾಟರಿ ಹಿಡಿದೇ ಹಿತ್ತಲಿಗೆ ಹೋಗುತ್ತೇವೆ.

ನಾನು ನನ್ನ ಜಾಣತನ ತೋರಿಸಿದೆ. ಚಿಂದಿಗೆ ಒಂದು ಚೀಟಿ ಪಿನ್ನು ಮಾಡಿದೆ: ತಾರೀಖು, ಕಾರಣ, ಕಟ್ಟಿದವರು ಕಾಕಾ. ಅವ್ವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

“ಎಲ್ಲಾ ಛಲೋ ಬರದೀ ತಮ್ಮಾ. ಮಳ್ಯಾಗ ವೈರ್‌ಮನ್‌ನ ಕರಕೊಂಡು ಬರೋರ್ಯಾರು, ಅದನ್ನ ಬರೀಲಿಲ್ಲಲ್ಲ?”