ಬೆಂಗಳೂರಿಗೊಂದು ಬಿನ್ನವತ್ತಳೆ

ಬೆಂಗಳೂರು ಮಹಾನಗರದವರ ಸನ್ನಿಧಾನಕ್ಕೆ,

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಅಡಿಕೆಗೆ ಎಲೆಚುಕ್ಕಿ ಬಿದ್ದಿದೆ, ಹುಡುಗರೆಲ್ಲ ತಮ್ಮಲ್ಲೇ ಇದ್ದಾರೆ, ಉಳಿದಂತೆ ಕ್ಷೇಮ.

ಶರಾವತಿಯನ್ನು ಕೊಳವೆಯಲ್ಲಿ ಕರೆಸಿಕೊಳ್ಳುವ ಆಸೆ ತಮಗಿನ್ನೂ ಹೋಗಿಲ್ಲವೆಂದು ಕೇಳಿ ಈ ಕಾಗದ. 2019ರಲ್ಲಿ ಆ ಮಾತೆದ್ದಾಗ ನಮ್ಮವರು ಜುಲೈ 10ರಂದು ಜಿಲ್ಲೆಯನ್ನೇ ಬಂದ್ ಮಾಡಿದರು, ಸಾಹಿತಿ ನಾ. ಡಿಸೋಜರು ಆ ವಯಸ್ಸಿನಲ್ಲೂ ಮುಂದೆ ನಿಂತರು. ನಮ್ಮ ಸಣ್ಣಬುದ್ಧಿ, ಮನ್ನಿಸಬೇಕು. ಲಿಂಗನಮಕ್ಕಿ ಜಲಾಶಯ ಭರ್ತಿಯಾದರೂ ನೀರು ನಿಲ್ಲುವುದು 1819 ಅಡಿಗೆ. ತಾವು ಕೂತಿರುವುದು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ, ಅದೂ ನಾನೂರು ಕಿಲೋಮೀಟರ್ ಆಚೆ. ಕೆಳಗೆ ಬಿದ್ದು ಕರೆಂಟು ಕೊಡುವ ನೀರನ್ನು ತಡೆದು ಮೇಲೆತ್ತಬೇಕು. ಎತ್ತಲಿಕ್ಕೆ ಕರೆಂಟೇ ಬೇಕು. ಇಂಥ ಲೆಕ್ಕ ನಾವು ಅಡಿಕೆ ಮಂಡಿಯಲ್ಲೂ ಕಂಡವರಲ್ಲ.

ಈ ಹೊಳೆ ಹುಟ್ಟುವುದು ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ, ಮುಳುಗಿಸಿದ್ದು ಹೊಸನಗರವನ್ನೂ ಸಾಗರವನ್ನೂ. ಲಿಂಗನಮಕ್ಕಿ ಸಾಲದೆಂದು ಹೊಸನಗರದಲ್ಲಿ ಮಾಣಿ, ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳೂ ಎದ್ದವು. 1964ರಲ್ಲಿ ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ತುಮರಿ ಕಡೆಯವರು ದ್ವೀಪವಾಸಿಗಳಾದರು. ಸಂಜೆಯ ಕೊನೆಯ ಲಾಂಚು ತಪ್ಪಿದ ಮೇಲೆ ಹೆರಿಗೆ ನೋವು ಬಂದರೆ ಕೋಗಾರು ಕಡೆಯಿಂದ ಸುತ್ತಬೇಕಿತ್ತು, ಇಲ್ಲವೇ ಸಿಗಂದೂರು ದೇವಿಗೆ ಹರಕೆ ಹೊರಬೇಕಿತ್ತು. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ತಮ್ಮಲ್ಲಿ ಮೇಲ್ಸೇತುವೆ ಆರು ತಿಂಗಳು ತಡವಾದರೆ ಪತ್ರಿಕೆಯ ಮುಖಪುಟ ತುಂಬುತ್ತದಂತೆ!

ಕರೆಂಟಿನ ವಿಷಯ. ಆಷಾಢದಲ್ಲಿ ಒಂದು ಮರ ತಂತಿಗೆ ಒರಗಿದರೆ ನಾಲ್ಕು ದಿನ ಕತ್ತಲು. ಪಾಪ, ಲೈನ್‌ಮ್ಯಾನ್ ಒಬ್ಬನೇ, ಊರು ಇಪ್ಪತ್ತು. ಮೊಬೈಲಿಗೆ ಅಂಗಳದ ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ಲು. ಅಲ್ಲೇ ಕಂಬಕ್ಕೆ ಮೊಳೆ ಹೊಡೆದು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಫೋನು ನೇತುಹಾಕಿದ್ದೇವೆ. ತಮ್ಮಲ್ಲಿರುವ ಮೊಮ್ಮಗ ಫೋನು ಮಾಡಿದರೆ ಅಮ್ಮಮ್ಮ ಕಂಬಳಿಕೊಪ್ಪೆ ಹೊದ್ದು ಓಡುತ್ತಾಳೆ, ತಲುಪುವಷ್ಟರಲ್ಲಿ ಕಟ್. ನಮ್ಮ ಹುಡುಗರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡು ಬರೆದರು. ಅದರ ಫೋಟೊ ವಾಟ್ಸಾಪಿಗೆ ಹಾಕಲು ಗುಡ್ಡ ಹತ್ತಬೇಕಾಯಿತು.

ಹಾಗಾಗಿ ಒಂದು ಸಲಹೆ. ಒಯ್ಯುವುದಾದರೆ ಬರೀ ನೀರೇಕೆ? ಉಂಬಳ, ಆಗುಂಬೆಯ ಮಳೆ, ಮಂಗನಕಾಯಿಲೆಯ ಉಣುಗು ಎಲ್ಲವನ್ನೂ ಒಯ್ಯಿರಿ. ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. 2019ರಲ್ಲಿ ಅರಲಗೋಡಿನ ಸುತ್ತ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ, ಇದ್ದ ಲಸಿಕೆಯೂ ಪ್ರಯೋಜನವಿಲ್ಲವೆಂದು ನಿಂತುಹೋಯಿತು. ವಿಧಾನಸೌಧದ ಹುಲ್ಲುಹಾಸಿನಲ್ಲಿ ಒಂದೇ ಒಂದು ಉಣುಗು ಕಚ್ಚಿದ್ದರೆ ಹೊಸ ಲಸಿಕೆ ಎಂದೋ ಬಂದಿರುತ್ತಿತ್ತು.

ಕಡೆಯದಾಗಿ ಒಂದು ಕೋರಿಕೆ. ಮುಳುಗಡೆಯಾದವರನ್ನು ಅಂದು ಲಾರಿಯಲ್ಲಿ ತುಂಬಿ ತಂದು ಬಿಟ್ಟ ಜಾಗ ಕಾಗದದಲ್ಲಿ ಇನ್ನೂ ಕಾಡು. ಅಲ್ಲಿ ಮನೆಯಿದೆ, ತೋಟವಿದೆ, ಮೂರು ತಲೆಮಾರಿನ ಜನವಿದ್ದಾರೆ. ಪಹಣಿಯಲ್ಲಿ ಅವರ ಹೆಸರಿಲ್ಲ. ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಅರಣ್ಯ ಇಲಾಖೆಯವರು ನೋಟಿಸು ಕೊಡಲು ಮರೆಯುವುದಿಲ್ಲ. ತಮ್ಮ ಸರ್ವೆಯವರು ಕೊಳವೆಗೆ ಗುರುತಿನ ಕಲ್ಲು ನೆಡುವ ಮೊದಲು ಅವರಿಗೆ ಹಕ್ಕುಪತ್ರ ಕೊಡಿಸಿ. ಆಮೇಲೂ ನಾವು ನೀರು ಕೊಡುವುದಿಲ್ಲ, ಅದು ಬೇರೆ ಮಾತು.

ಇಂತಿ,
ಮೂರೂ ತಾಲ್ಲೂಕುಗಳ ಪರವಾಗಿ,
ಊರಲ್ಲೇ ಉಳಿದ ಒಬ್ಬ