ಸಿನಿಮಾ ಮುಗೀತು, ಈಗ ಚರ್ಚೆ

ಸಮಾಜವನ್ನು ಬದಲಾಯಿಸಲು ಹೊರಟ ಗಂಡಸಿಗೆ ಮೊದಲು ಬೇಕಾಗುವುದು ಒಂದು ಬಿಳಿ ಬೆಡ್‌ಶೀಟು. ಅದು ಹೆಂಡತಿಯ ಬೀರುವಿನಲ್ಲಿರುತ್ತದೆ, ಬೀರುವಿನ ಕೀ ಹೆಂಡತಿಯ ಸೊಂಟದಲ್ಲಿರುತ್ತದೆ. ಕ್ರಾಂತಿ ಅಲ್ಲಿಗೇ ಅರ್ಧ ಮುಗಿದ ಹಾಗೆ.

ಬಡಾವಣೆಯಲ್ಲಿ ತಿಂಗಳಿಗೊಂದು ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಜನರಿಂದ ಚರ್ಚೆ ಮಾಡಿಸಬೇಕು ಅನ್ನುವ ಹುಚ್ಚು ನನಗೆ ಹತ್ತಿದ್ದು ಹೆಗ್ಗೋಡಿನ ಕತೆ ಕೇಳಿ. ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಆ ಹಳ್ಳಿಯಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಊರಿನವರಿಗೆ ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ತೋರಿಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಈ ಎರಡು ಇಸವಿಗಳ ನಡುವಿನ ದುಡಿಮೆಯನ್ನು ಹಾರಿಸಿ ನಾನು ನೇರವಾಗಿ ಪ್ರಶಸ್ತಿಗೆ ಬಂದಿದ್ದೆ. ಕನ್ನಡಿ ಮುಂದೆ ಶಾಲು ಹೊದ್ದು ನಿಂತಿದ್ದನ್ನು ಮಗಳು ನೋಡಿಬಿಟ್ಟಳು. “ಅಪ್ಪಾ, ಚಳಿಜ್ವರಾನಾ?” ಅಂದಳು.

ನಮ್ಮನೆಯವಳು ಜ್ವರದ ಮೂಲವನ್ನೇ ಹಿಡಿದಳು. “ರೀ, ಅವರು ಊರಿಗೆ ಊರನ್ನೇ ಕೂರಿಸಿದರು. ನೀವು ಮೊದಲು ಮನೇಲಿ ಟೀವಿ ರಿಮೋಟು ಇಸ್ಕೊಂಡು ತೋರಿಸಿ.”

ಮೊದಲು ನಾನು ಆರಿಸಿದ್ದು ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’. 14 ವರ್ಷ ಹಿಡಿದು ತೆಗೆದ, ಸುಮಾರು ಮೂರು ಗಂಟೆಯ ಚಿತ್ರ. ಮುಂಬಯಿಯ ಬಸ್ತಿಗಳಲ್ಲಿ ಜನ ಅದನ್ನು ಕೂತು ನೋಡಿದ್ದಾರೆ. ನಮ್ಮ ಬಡಾವಣೆಯಲ್ಲಿ ಏಳಕ್ಕೆ ಧಾರಾವಾಹಿ ಶುರು. ಹಾಗಾಗಿ ಒಂದು ಗಂಟೆಯೊಳಗೆ ಮುಗಿಯುವ, ಪಾರೋಮಿತಾ ವೋಹ್ರಾ ಅವರ 2006ರ ‘ಕ್ಯೂ2ಪಿ’ಗೆ ಇಳಿದೆ. ಮುಂಬಯಿ, ದೆಹಲಿಗಳಲ್ಲಿ ಯಾರಿಗೆ ಶೌಚಾಲಯ ಉಂಟು, ಯಾರಿಗೆ ಇಲ್ಲ, ಹೆಂಗಸರು ಏನು ಮಾಡಬೇಕು ಅಂತ ಕೇಳುವ ಚಿತ್ರ. ದೂರದೂರಿನ ಸಮಸ್ಯೆ, ನಮಗೇನೂ ತಗಲುವುದಿಲ್ಲ ಅಂದುಕೊಂಡೆ.

ಜನರನ್ನು ಕರೆಯುವುದು ಬೇರೆಯದೇ ಪಾಡು. ಪಕ್ಕದ ಮನೆ ರಾಯರು ‘ಸಾಕ್ಷ್ಯಚಿತ್ರ’ ಅಂದ ಕೂಡಲೇ ಜೇಬು ತಡವಿಕೊಂಡರು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ಹಾಕುತ್ತಿದ್ದರಲ್ಲ, ಆ ಹೊತ್ತಿನಲ್ಲಿ ಹೊರಗೆ ನಿಂತು ಸಿಗರೇಟು ಸೇದಿಯೇ ಬೆಳೆದ ತಲೆಮಾರು ಅದು. “ಬರ್ತೀನಿ ಬಿಡಿ. ಮೇನ್ ಪಿಚ್ಚರ್ ಯಾವುದು?” ಅಂದರು. ಕೊನೆಗೆ ಕರಪತ್ರದ ಕೆಳಗೆ ‘ಬೋಂಡ, ಕಾಫಿ ಇರುತ್ತದೆ’ ಅಂತ ಸೇರಿಸಿದೆ. ಸಮುದಾಯ ಭವನ ತುಂಬಿತು. ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಕ್ಕನೂ ಬುಟ್ಟಿ ಸಮೇತ ಬಂದು ಹಿಂದಿನ ಸಾಲಿನಲ್ಲಿ ಕೂತರು.

ಬಾಡಿಗೆ ಪ್ರೊಜೆಕ್ಟರಿನ ವೈರು ಪ್ಲಗ್ಗಿಗೆ ಎರಡು ಗೇಣು ಸಾಲದೆ ಬಂತು. ಎಕ್ಸ್‌ಟೆನ್ಷನ್ ಬಾಕ್ಸ್ ತರಲು ಮನೆಗೆ ಓಡಿದೆ. ಅದನ್ನು ಕಿತ್ತಿದ್ದಕ್ಕೆ ಫ್ರಿಜ್ ಆರಿ, ಮರುದಿನ ಹಾಲು ಒಡೆದ ಕತೆ ಇನ್ನೊಂದು ಲೇಖನಕ್ಕೆ ಇರಲಿ. ಬೀರುವಿನಿಂದ ಸಿಕ್ಕಿದ ಬೆಡ್‌ಶೀಟು ಬಿಳಿಯದೇ, ಆದರೆ ನಟ್ಟನಡುವೆ ಒಂದು ನವಿಲು. ಬಟ್ಟೆ ಕ್ಲಿಪ್ಪು ಹಾಕಿ ಕಟ್ಟಿದೆ. ಫ್ಯಾನು ಹಾಕಿದರೆ ಪರದೆ ಅಲ್ಲಾಡಿ ಮುಂಬಯಿಗೆ ಭೂಕಂಪ, ಆರಿಸಿದರೆ ಸಭಿಕರ ಬಾಯಲ್ಲಿ ನನ್ನ ವಂಶಾವಳಿ. ಯಾರು ಮಾತಾಡಿದರೂ ಮೂಗಿನ ಮೇಲೆ ನವಿಲು.

ಚಿತ್ರದಲ್ಲಿ ಹಿಂದಿ, ಇಂಗ್ಲಿಷು. ಮೈಕು ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುವ ಭಾರ ನನ್ನದು. ಮುಂದಿನ ಸಾಲಿನಲ್ಲಿ ನಮ್ಮಮ್ಮ, ಅವರ ಪಕ್ಕ ಬೀಗಿತ್ತಿ. ಬಾಯಿಗೆ ಬಂದ ಮಾತನ್ನೆಲ್ಲ ನುಂಗಿ, “ಈಯಮ್ಮನಿಗೆ... ಪ್ರಕೃತಿಯ ಕರೆ... ಅಂದರೆ ಜಲಬಾಧೆ...” ಅನ್ನುತ್ತಾ ದನಿ ಇಳಿಸಿದೆ. ಹಿಂದಿನ ಸಾಲಿನಿಂದ ಹೂವಿನ ಅಕ್ಕ, “ಗಟ್ಟಿಯಾಗಿ ಹೇಳಿ ಸಾರ್, ಉಚ್ಚೆ ತಾನೇ?” ಅಂದರು. ಭವನ ಘೊಳ್ಳೆಂದಿತು. ನನ್ನ ಸುಬ್ಬಣ್ಣತನ ಅಲ್ಲೇ ಕಳಚಿ ಬಿತ್ತು.

ಅಷ್ಟರಲ್ಲಿ ಬೀಗಿತ್ತಿ ಎದ್ದು, ಎಲ್ಲಿದೆ ಅಂತ ಸನ್ನೆಯಲ್ಲೇ ಕೇಳಿದರು. ಮಹಿಳೆಯರ ಶೌಚಾಲಯಕ್ಕೆ ಬೀಗ. ಬೀಗದ ಕೈ ಸೆಕ್ರೆಟರಿ ಹತ್ತಿರ, ಸೆಕ್ರೆಟರಿ ಧರ್ಮಸ್ಥಳದಲ್ಲಿ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಪ್ಲಾಸ್ಟಿಕ್ ಕುರ್ಚಿ, ಗಣಪತಿ ಪೆಂಡಾಲಿನ ಥರ್ಮಾಕೋಲು, ಹೋದ ವರ್ಷದ ಸೀರಿಯಲ್ ಸೆಟ್ಟು. ಗಂಡಸರದ್ದು ಮಾತ್ರ ಹಗಲೂ ರಾತ್ರಿ ತೆರೆದೇ ಇರುತ್ತದಂತೆ. ರಾಯರು ಅಭಿಮಾನದಿಂದ ತಿಳಿಸಿದರು.

ಸಿನಿಮಾ ಮುಗಿಯಿತು. “ಈಗ ಚರ್ಚೆ” ಅಂತ ಘೋಷಿಸಿದೆ. ಪೀಠಿಕೆ ಬರೆದುಕೊಂಡು ಬಂದಿದ್ದೆ: ಮುಂಬಯಿಯ ಹೆಂಗಸರು 2011ರಲ್ಲಿ ಇದಕ್ಕಾಗಿ ಚಳವಳಿಯನ್ನೇ ಶುರು ಮಾಡಿದ್ದು, ಗಂಡಸರಿಗೆ ಪುಕ್ಕಟೆ ಇರುವಲ್ಲಿ ತಮಗೇಕೆ ಕಾಸು ಅಂತ ಕೇಳಿದ್ದು. ಓದುವ ಮೊದಲೇ ಹೂವಿನ ಅಕ್ಕ ಮೈಕು ಇಸಿದುಕೊಂಡರು. “ಬೆಳಿಗ್ಗೆ ಐದಕ್ಕೆ ಹೂವು ಇಳಿಸ್ಕೋತೀನಿ. ಮನೆಗೆ ಹೋಗೋದು ಮೂರಕ್ಕೆ. ಅಲ್ಲೀಗಂಟ ನೀರು ಕುಡಿಯಲ್ಲ. ಬಾಯಿ ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಉಗೀತೀನಿ. ಹೂವಿಗೆ ಮಾತ್ರ ಗಳಿಗೆಗೊಂದ್ಸಲ ನೀರು ಚಿಮುಕಿಸ್ತೀನಿ.”

ಬೋಂಡ ತಿನ್ನುತ್ತಿದ್ದವರೂ ನಿಲ್ಲಿಸಿದರು. ನನ್ನ ಪೀಠಿಕೆ ಜೇಬಿಗೆ ಹೋಯಿತು. ಆಮೇಲೆ ಮೈಕು ಹೆಂಗಸರ ಕೈಯಿಂದ ಕೈಗೆ ಹೋಯಿತೇ ಹೊರತು ನನ್ನ ಕಡೆ ತಿರುಗಲಿಲ್ಲ. ಶಾಲೆ ಆಯಾ, ಗಾರ್ಮೆಂಟ್ಸಿನ ಹುಡುಗಿ, ಬಸ್ ಕಂಡಕ್ಟರ್, ಕೊನೆಗೆ ನಮ್ಮನೆಯವಳು.

“ನಮ್ಮನೇಲಿ ಇರೋದು ಒಂದೇ,” ಅಂತ ಶುರು ಮಾಡಿದಳು. “ಬೆಳಿಗ್ಗೆ ಆರರಿಂದ ಏಳರವರೆಗೆ ಅದರೊಳಗೆ ಒಬ್ಬರು ಪೇಪರ್ ಓದ್ತಾರೆ. ಸಂಪಾದಕೀಯದ ಸಮೇತ. ಹೊರಗೆ ಮಂಡಿನೋವಿನ ಅತ್ತೆ, ಸ್ಕೂಲಿಗೆ ಹೊತ್ತಾದ ಮಗಳು, ಒಲೆ ಮೇಲೆ ಹಾಲಿಟ್ಟ ನಾನು. ಅವರು ಯಾರು ಅಂತ ಹೇಳಲ್ಲ.” ಹೇಳುವ ಅಗತ್ಯವೇ ಇರಲಿಲ್ಲ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. “ನಿಜ, ನಿಜ” ಅಂತ ಮೊದಲು ಚಪ್ಪಾಳೆ ಹೊಡೆದದ್ದು ನನ್ನ ಹೆತ್ತ ತಾಯಿ. ಇಂಥ ಪೇಪರ್ ವಾಚನಾಲಯ ನಿಮ್ಮ ಮನೆಯಲ್ಲಿ ಇಲ್ಲ ಅನ್ನಬೇಡಿ. ಅವತ್ತು ಅಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ತಂತಮ್ಮ ಚಪ್ಪಲಿ ನೋಡಿಕೊಂಡರು.

ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂಬ ಮನವಿಯನ್ನು ಅಲ್ಲೇ ಬರೆದರು, ನನ್ನ ಕರಪತ್ರದ ಹಿಂಬದಿಯಲ್ಲಿ. ನನ್ನ ಪೆನ್ನು ಇಸಿದುಕೊಂಡರು, ಸಹಿ ಕೇಳಲಿಲ್ಲ. ಮನವಿ ಮೂರು ಮೇಜು ದಾಟಿ, ‘ಪರಿಶೀಲನೆಯಲ್ಲಿದೆ’ ಅನ್ನುವ ಹಂತಕ್ಕೆ ಬಂದಿದೆ. ನಮ್ಮ ಮನೆಯಲ್ಲಿ ಪರಿಶೀಲನೆ ಇಲ್ಲ, ನೇರ ಜಾರಿ. ಬಚ್ಚಲ ಬಾಗಿಲಿಗೆ ಮಗಳು ಸ್ಕೆಚ್ ಪೆನ್ನಿನಲ್ಲಿ ಟೈಂಟೇಬಲ್ ಬರೆದು ಅಂಟಿಸಿದ್ದಾಳೆ. ನನ್ನ ಹೆಸರು ಕೊನೆಗೆ, ಎದುರಿಗೆ ‘ಹತ್ತು ನಿಮಿಷ’. ಪೇಪರಿನ ಚಿತ್ರ ಬರೆದು ಅದರ ಮೇಲೊಂದು ಕೆಂಪು ಗೀಟು.

ಮುಂದಿನ ತಿಂಗಳ ಚಿತ್ರವನ್ನು ಹೆಂಗಸರೇ ಆರಿಸಿದ್ದಾರೆ. ಯಾವುದು ಅಂದರೆ, “ಬಂದು ನೋಡಿ” ಅನ್ನುತ್ತಾರೆ. ನನಗೂ ಒಂದು ಜವಾಬ್ದಾರಿ ಇದೆಯಂತೆ: ಸೆಕ್ರೆಟರಿ ಹತ್ತಿರ ಬೀಗದ ಕೈ ಇಸಿದುಕೊಂಡು, ಒಳಗಿನ ಕುರ್ಚಿ, ಥರ್ಮಾಕೋಲು ಎಲ್ಲ ಹೊರಗೆ ಹಾಕಿ, ನಲ್ಲಿಯಲ್ಲಿ ನೀರು ಬರುತ್ತದೆಯೋ ನೋಡಿ ಬರುವುದು. ಬಕೆಟ್ಟೂ ಮಗ್ಗೂ ಮನೆಯಿಂದಲೇ ಒಯ್ಯಬೇಕಂತೆ.